ಅತ್ತೆಯ ತಾಮ್ರದ ಪಾತ್ರೆ

ಇದು ಶ್ರೀನಿವಾಸಪುರದ ನಮ್ಮ ಮನೆಯಲ್ಲೇ ನಡೆದದ್ದು. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನ ಗಂಡ ಸಾದಿಕ್ ಒಂದು ಸೂ ವೀಡ್ ಕುಕ್ಕರ್ ತರಿಸಿದ್ದರು. ಕೋಲಿನಂಥ ಅದನ್ನು ಪಾತ್ರೆಗೆ ಸಿಕ್ಕಿಸಿದರೆ, ನೀರು ನಾವು ಹೇಳಿದಷ್ಟೇ ಬಿಸಿಯಲ್ಲಿ ನಿಂತು ಕವರಿನೊಳಗಿನ ಮಾಂಸವನ್ನು ಬೇಯಿಸುತ್ತದೆ. ಹೋದ ಚಳಿಗಾಲದಲ್ಲಿ ತೀರಿಕೊಂಡ ಅತ್ತೆಯ ತಾಮ್ರದ ಪಾತ್ರೆಯಲ್ಲಿ ಅರವತ್ತು ಡಿಗ್ರಿಗಿಟ್ಟೆವು. ಅದು ಎಂಬತ್ತು ದಾಟಿ, ಮಟನ್ ನಾರುನಾರಾಯಿತು.

ಬೋರ್‌ವೆಲ್ ನೀರಿನ ಬಿಳಿ ಉಪ್ಪು ಕಟ್ಟಿರಬೇಕೆಂದು ಕುಕ್ಕರನ್ನು ವಿನೆಗರ್‌ನಲ್ಲಿ ತೊಳೆದೆ. ಸ್ಟೀಲ್ ಪಾತ್ರೆಯಲ್ಲಿ ಅರವತ್ತಕ್ಕೇ ನಿಂತಿತು. ತಾಮ್ರದ್ದಕ್ಕೆ ಹಾಕಿದರೆ ಮತ್ತೆ ಏರಿತು. ಹಬೆಯಲ್ಲಿ ಕರ್ಪೂರದ ವಾಸನೆಯಿತ್ತು.

ಸಾದಿಕ್ ಮೆಲ್ಲಗೆ ಕೇಳಿದರು, "ಅಮ್ಮಿಯ ಕೊನೇ ಸ್ನಾನಕ್ಕೆ ನೀರು ಕಾಯ್ಸಿದ್ದು ಇದರಲ್ಲೇ ಅಲ್ವಾ?"

"ಹೂಂ. ಯಾರಿಗಾದ್ರೂ ಕೊಟ್ಬಿಡೋಣ ಅಂದ್ರೆ ನೀವೇ ಬೇಡ ಅಂದ್ರಿ."

ಅವತ್ತು ಅತ್ತೆಯ ದೇಹ ತೊಳೆಯುವ ನೀರಿಗೆ ಕರ್ಪೂರ ಹಾಕಿದ್ದು ನಾನೇ. ಉಗುರುಬೆಚ್ಚಗಿರಲಿ ಎಂದು ಹಿರಿಯ ಹೆಂಗಸರು ತಣ್ಣೀರು ಬೆರೆಸಿದ್ದರು. ಬದುಕಿದ್ದಾಗ ಅತ್ತೆಗೆ ನೀರು ಎಷ್ಟು ಕಾದರೂ ಸಾಲದು. ಬಚ್ಚಲಿನಿಂದಲೇ, "ಇನ್ನೊಂಚೂರು ಕಾಯ್ಲಿ ಬೇಟಿ" ಅನ್ನುತ್ತಿದ್ದರು.

ಸಾದಿಕ್ ಕುಕ್ಕರನ್ನು ತೆಗೆದು ಅಟ್ಟದ ಮೇಲೆ ಹಾಕಿದರು. ಆ ನೀರನ್ನು ಚೆಲ್ಲಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಪಾತ್ರೆಯನ್ನು ಹಾಗೇ ಬಚ್ಚಲಿನಲ್ಲಿಟ್ಟೆ.

ಬೆಳಿಗ್ಗೆ ಎದ್ದು ಮುಟ್ಟಿದರೆ ಕೈ ಸುಟ್ಟಿತು. ನೀರು ಅರ್ಧಕ್ಕಿಳಿದಿತ್ತು, ಬಚ್ಚಲಿನ ನೆಲ ಒದ್ದೆಯಾಗಿತ್ತು. ನಾವಿಬ್ಬರೂ ಇನ್ನೂ ಸ್ನಾನ ಮಾಡಿರಲಿಲ್ಲ.