ಆಸ್ಪತ್ರೆ ದೋಣಿಯ ಮೋಟಾರ್ ನಿಂತದ್ದು

"ಮೆಕ್ಯಾನಿಕ್‌ನ ಬಿಡಿಸಿಕೊಡಿ, ಮೇಡಂ. ನನ್ನ ಗಂಡನಿಗೆ ಈ ಗತಿ ತಂದೋನು ಅವನಲ್ಲ."

ಸರ್ವೇಯರಮ್ಮನ ಮನೆ ಬಾಗಿಲಲ್ಲಿ ನಿಂತವಳ ಮಾತು ಕೇಳಿ ಟೈಪಿಸ್ಟರು ಕನ್ನಡಕ ಸರಿಪಡಿಸಿಕೊಂಡರು. ಊರಿಗೆ ಊರೇ ಮೆಕ್ಯಾನಿಕ್‌ನ ಮೇಲೆ ಹಲ್ಲು ಮಸೆಯುತ್ತಿರುವಾಗ, ಗಾಯಗೊಂಡ ದೋಣಿಯವನ ಹೆಂಡತಿಯೇ ಅವನ ಪರವಾಗಿ ಬಂದಿದ್ದಳು!

ಹಿಂದಿನ ದಿನ ಬೆಳಿಗ್ಗೆ ನರ್ಸನ್ನು ಆಚೆ ದಡಕ್ಕೆ ಕರೆದೊಯ್ಯುತ್ತಿದ್ದ ಆಸ್ಪತ್ರೆ ದೋಣಿಯ ಮೋಟಾರ್ ನಡುಹೊಳೆಯಲ್ಲಿ ಗಕ್ಕನೆ ನಿಂತಿತ್ತು. ಸೆಳವು ದೋಣಿಯನ್ನು ಸೇತುವೆಯ ಕಂಬಕ್ಕೆ ಅಪ್ಪಳಿಸಿತ್ತು. ನರ್ಸಿನ ಕೈ ಮುರಿದಿತ್ತು. ದೋಣಿಯವನ ಕಾಲು ನಜ್ಜುಗುಜ್ಜಾಗಿ, ಅವನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಆ ಮೋಟಾರನ್ನು ಎಂಟೇ ದಿನದ ಹಿಂದೆ ಬಿಚ್ಚಿ ಜೋಡಿಸಿದ್ದ ಮೆಕ್ಯಾನಿಕ್ ಲಾಕಪ್ಪಿನಲ್ಲಿದ್ದ.

"ಏನು ಕೆಲಸ ಮಾಡಿದ್ದ?" ಸರ್ವೇಯರಮ್ಮ ಕೇಳಿದರು. ವಿಮಾ ಕಂಪನಿಗಾಗಿ ಇಪ್ಪತ್ತಾರು ವರ್ಷ ಕೆಟ್ಟ ಇಂಜಿನ್‌ಗಳ ಹೊಟ್ಟೆ ನೋಡಿದವರು ಅವರು. ಅವರ ವರದಿಗಳನ್ನೆಲ್ಲ ಟೈಪು ಮಾಡಿದ್ದ ಟೈಪಿಸ್ಟರು ನಿವೃತ್ತರಾದ ಮೇಲೂ ಅವರ ಜೊತೆ ಬಿಟ್ಟಿರಲಿಲ್ಲ.

"ಅದರ ಆಯಿಲ್ ಪಂಪು ಸವೆದುಹೋಗಿತ್ತು, ಹೊಸದು ಎಲ್ಲೂ ಸಿಗ್ಲಿಲ್ಲ. ಅದಕ್ಕೇ ಪಂಪು ತೆಗೆದು ಆ ಜಾಗಕ್ಕೆ ತಗಡು ಕೂರಿಸಿದ. 'ಇಷ್ಟು ದಿನ ಪಂಪೇ ಇಂಜಿನ್ನಿಗೆ ಎಣ್ಣೆ ಕೊಡ್ತಿತ್ತು ಅಕ್ಕಾ, ಇನ್ಮೇಲೆ ಐವತ್ತಕ್ಕೆ ಒಂದು ಪಾಲು ಎಣ್ಣೆ ಪೆಟ್ರೋಲಲ್ಲೇ ಬೆರೆಸಿ ಹಾಕ್ಬೇಕು. ಬರೀ ಪೆಟ್ರೋಲ್ ಹಾಕಿದ್ರೆ ಹತ್ತು ನಿಮಿಷಕ್ಕೆ ಪಿಸ್ಟನ್ ಹಿಡ್ಕೊಂಡು ಮೋಟಾರ್ ನಿಲ್ಲುತ್ತೆ. ಎಣ್ಣೆ ಇಲ್ಲ ಅಂತ ಮೊದಲಿನ ಹಾಗೆ ಕೂಗೋಕೆ ಅಲಾರಾಮೂ ಇಲ್ಲ' ಅಂತ ಎಲ್ಲರಿಗೂ ಹೇಳಿದ."

"ಎಲ್ಲರಿಗೂ ಅಂದ್ರೆ?"

"ನನಗೆ, ನಮ್ಮವರಿಗೆ, ನಮ್ಮ ಭಾವನಿಗೆ, ಆಸ್ಪತ್ರೆ ಸ್ಟೋರ್ ಗುಮಾಸ್ತರಿಗೆ. ಅಷ್ಟೇ ಜನ ಇದ್ದದ್ದು."

ಸರ್ವೇಯರಮ್ಮ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

ದೋಣಿ ಶೆಡ್ಡಿನ ಹೊರಗೆ ಜನ ಜಮಾಯಿಸಿದ್ದರು. ಮೆಕ್ಯಾನಿಕ್‌ನ ಅಂಗಡಿ ಬಾಗಿಲಿಗೆ ಆಗಲೇ ಕಲ್ಲು ಬಿದ್ದಿತ್ತು. ಒಳಗೆ ಸ್ಟೋರ್ ಗುಮಾಸ್ತನ ಪಕ್ಕ ನಿಂತಿದ್ದ ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡರು.

"ಐದು ಗಂಟೆಗೆ ಅವನನ್ನ ಕೋರ್ಟಿಗೆ ಕಳಿಸ್ತೀನಿ, ಮೇಡಂ. ಟ್ಯಾಂಕಲ್ಲಿ ಎಣ್ಣೆ ಬೆರೆಸಿದ ಪೆಟ್ರೋಲೇ ಇದೆ. ಅದು ಸರಿಯಿದ್ರೆ ತಪ್ಪು ಅವನ ಕೆಲಸದ್ದೇ ತಾನೆ?"

ಮೂಲೆಯಲ್ಲಿ ದೋಣಿಯವನ ಅಣ್ಣ ನಿಂತಿದ್ದ. ತನ್ನ ಪುಟ್ಟ ದೋಣಿಯಲ್ಲಿ ಧಾವಿಸಿ ಹೋಗಿ, ಒಬ್ಬನೇ ಇಬ್ಬರನ್ನೂ ದೋಣಿ ಸಮೇತ ಎಳೆದು ತಂದವನು ಅವನೇ. ಹಗ್ಗ ಉಜ್ಜಿ ಅಂಗೈ ಕಿತ್ತುಹೋಗಿ ಪಟ್ಟಿ ಕಟ್ಟಿಕೊಂಡಿದ್ದ. "ತಮ್ಮ ಸಾವು ಬದುಕಿನ ನಡುವೆ ಬಿದ್ದಿದಾನೆ, ಆ ಮೆಕ್ಯಾನಿಕ್‌ನ ಜೈಲಿಗೆ ಹಾಕೋದು ಬಿಟ್ಟು ನೀವಿಲ್ಲಿ ನಟ್ಟು ಬೋಲ್ಟು ಎಣಿಸ್ತಾ ಕೂರ್ತೀರಾ!" ಎಂದು ಸಿಡುಕಿದ.

ಸರ್ವೇಯರಮ್ಮ ಮೋಟಾರಿನ ಮುಂದೆ ಕೂತರು. ಪಂಪಿನ ಜಾಗದ ತಗಡು ತಡವಿದರು. ತೊಟ್ಟು ಎಣ್ಣೆಯೂ ಒಸರಿರಲಿಲ್ಲ. ಹಳೆಯ ಎಣ್ಣೆ ಕೊಳವೆಗಳ ಬಾಯಿಗೆ ಬಿಗಿದ ಮುಚ್ಚಳಗಳನ್ನು ಒಂದೊಂದಾಗಿ ಎಳೆದು ನೋಡಿದರು. ಸ್ಪಾರ್ಕ್ ಪ್ಲಗ್ ಬಿಚ್ಚಿ ಟಾರ್ಚ್ ಬಿಟ್ಟಾಗ ಒಳಗಿನ ಲೋಹ ಉದ್ದುದ್ದ ಗೀರು ಬಿದ್ದು, ಒಣಗಿ ಹೊಳೆಯುತ್ತಿತ್ತು. ಆಮೇಲೆ ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ದಾಟಿಸುವ ಕಾರ್ಬೊರೇಟರಿನ ತಳದ ಬಟ್ಟಲಲ್ಲಿ ಉಳಿದಿದ್ದ ಪೆಟ್ರೋಲನ್ನು ಒಂದು ಲೋಟಕ್ಕೆ, ಟ್ಯಾಂಕಿನದನ್ನು ಇನ್ನೊಂದಕ್ಕೆ ಬಸಿದರು. ಮೊದಲನೆಯದು ನೀರಿನಷ್ಟು ತಿಳಿ. ಎರಡನೆಯದು ತೆಳು ಹಸಿರು.

"ಗುಮಾಸ್ತರೇ, ಮೊನ್ನೆ ಸಂಜೆ ಈ ಟ್ಯಾಂಕ್ ತುಂಬಿಸಿದ್ದು ನೀವೇ ಅಲ್ವೆ?"

ಗುಮಾಸ್ತ ಅಂಗಿ ತೋಳಿನಿಂದ ಹಣೆ ಒರೆಸಿಕೊಂಡ. "ಹೌದಮ್ಮ. ದೋಣಿಯವನ ಎದುರಿಗೇ ಅಳೆದು ಎಣ್ಣೆ ಬೆರೆಸಿದೆ. ಆಸ್ಪತ್ರೆ ದೋಣಿಗೆ ಬಿಟ್ರೆ ಬೇರೆ ಯಾರಿಗೂ ನಾನು ಹನಿ ಕೊಡೋದಿಲ್ಲ. ಬೇಕಾದ್ರೆ ಎಣ್ಣೆ ಡಬ್ಬಾನೇ ನೋಡಿ."

"ನೋಡೋಣ. ಟೈಪಿಸ್ಟರೇ, ಸ್ಟೋರಿನ ಡಬ್ಬದಿಂದ ಒಂದು ಶೀಶೆ ಎಣ್ಣೆ ತನ್ನಿ. ಕಟ್ಟೆಗೆ ಕಟ್ಟಿರೋ ಪ್ರತಿ ದೋಣಿಯ ಟ್ಯಾಂಕಿಂದಲೂ ಒಂದೊಂದು ಶೀಶೆ. ಎಣ್ಣೆ ಡಬ್ಬ ಇದ್ರೆ ಅದರಿಂದಲೂ. ಹೆಸರು ಬರೆದು ಅಂಟಿಸಿ. ಇನ್ಸ್‌ಪೆಕ್ಟರೇ, ಒಬ್ಬ ಕಾನ್‌ಸ್ಟೇಬಲ್ ಜೊತೆಗಿರಲಿ."

ಟೈಪಿಸ್ಟರು ಶೀಶೆಗಳ ಬುಟ್ಟಿ ಹೊತ್ತು ಮರಳುವಾಗ ಗಂಟೆ ನಾಲ್ಕೂವರೆ. ಸರ್ವೇಯರಮ್ಮ ಎಲ್ಲರನ್ನೂ ಮೇಜಿನ ಸುತ್ತ ಕರೆದರು. ಮೆಕ್ಯಾನಿಕ್‌ನನ್ನೂ ಕರೆತರಿಸಿದರು. ಅವನು ತಲೆಯೆತ್ತಲಿಲ್ಲ.

ಬಿಳಿ ಕಾಗದದ ಮೇಲೆ ಅವರು ಎರಡು ಹನಿ ಬಿಟ್ಟರು. ತಿಳಿ ಹನಿ ಆರಿ ಗುರುತಿಲ್ಲದೆ ಹೋಯಿತು. ಹಸಿರು ಹನಿ ಜಿಡ್ಡಿನ ಕಲೆ ಬಿಟ್ಟಿತು.

"ಮೆಕ್ಯಾನಿಕ್‌ನ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ," ಎಂದರು. "ಇಂಜಿನ್ ಕೊನೆಗೆ ಕುಡಿದದ್ದು ಈ ತಿಳಿ ಪೆಟ್ರೋಲನ್ನ. ಇದರಲ್ಲಿ ಎಣ್ಣೆಯೇ ಇಲ್ಲ. ಅದಕ್ಕೇ ಪಿಸ್ಟನ್ ಹಿಡಿದುಕೊಂಡಿತು. ಟ್ಯಾಂಕಿಗೆ ಎಣ್ಣೆ ಬಿದ್ದದ್ದು ಮೋಟಾರ್ ಸತ್ತ ಮೇಲೆ. ಮೊದಲೇ ಇದ್ದಿದ್ರೆ ಬಟ್ಟಲಿಗೂ ಇಳೀತಿತ್ತು."

"ಹಾಗಾದ್ರೆ ಗುಮಾಸ್ತ ಎಣ್ಣೆ ಹಾಕೋದು ಮರೆತು, ಆಮೇಲೆ ಮುಚ್ಚಿಟ್ಟಿರಬೇಕು," ಎಂದರು ಇನ್ಸ್‌ಪೆಕ್ಟರು.

"ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಸ್ಟೋರಿನ ಎಣ್ಣೆ ನೋಡಿ, ನೀಲಿ. ಟ್ಯಾಂಕಿಗೆ ಬಿದ್ದದ್ದು ಹಸಿರು. ದೋಣಿ ನೀರಲ್ಲಿದ್ದಾಗಲೇ ಹಾಕಿರಬೇಕು, ಯಾಕಂದ್ರೆ ದಡಕ್ಕೆ ಬಂದ ತಕ್ಷಣ ಪೊಲೀಸರು ಟ್ಯಾಂಕಿಗೆ ಸೀಲ್ ಹಾಕಿದ್ರು. ಆ ಹೊತ್ತಿನಲ್ಲಿ ಎಚ್ಚರವಿಲ್ಲದ ದೋಣಿಯವನು, ನೋವಿನಲ್ಲಿ ನರಳ್ತಿದ್ದ ನರ್ಸ್ ಬಿಟ್ರೆ ಅಲ್ಲಿದ್ದೋನು ಒಬ್ಬನೇ."

ಟೈಪಿಸ್ಟರು ಬುಟ್ಟಿಯ ಶೀಶೆಗಳ ಕಡೆ ತಿರುಗಿದರು. ಶೀಶೆಗೆ ಚೀಟಿ ಅಂಟಿಸಿದ್ದವರು ಅವರೇ, ಆದರೂ ಅದರ ಅರ್ಥ ಈಗಷ್ಟೇ ಹೊಳೆಯಿತು. ಅಣ್ಣನ ಎಣ್ಣೆ ಡಬ್ಬ: ಹಸಿರು. ಅಣ್ಣನ ಟ್ಯಾಂಕಿನ ಪೆಟ್ರೋಲು: ನೀಲಿ.

"ನಿನ್ನ ಡಬ್ಬದಲ್ಲಿ ಹಸಿರು ಎಣ್ಣೆ ಇರುವಾಗ ನಿನ್ನ ಟ್ಯಾಂಕಿಗೆ ನೀಲಿ ಹೇಗಪ್ಪಾ ಬಂತು?" ಸರ್ವೇಯರಮ್ಮನ ದನಿ ಏರಲಿಲ್ಲ. "ಗುಮಾಸ್ತರು ಹೊರಗಿನವರಿಗೆ ಹನಿ ಕೊಡೋದಿಲ್ಲ. ನಿನ್ನೆ ಬೆಳಿಗ್ಗೆ ನಿನ್ನ ತಮ್ಮ ದೋಣಿ ಬಿಟ್ಟು ಅತ್ತ ಹೋದಾಗ ಅವನ ಪೆಟ್ರೋಲನ್ನ ನಿನ್ನ ಟ್ಯಾಂಕಿಗೆ ಸುರಿದುಕೊಂಡೆ. ಅವನದಕ್ಕೆ ಬರೀ ಪೆಟ್ರೋಲ್ ಹಾಕಿದೆ. ಆಮೇಲೆ ಎಳೆದು ತರುವಾಗ, ಗುರುತು ಅಳಿಸೋಕೆ ಕೈಗೆ ಸಿಕ್ಕಿದ ನಿನ್ನ ಎಣ್ಣೆ ಸುರಿದೆ. ಬಣ್ಣ ನೋಡಲಿಲ್ಲ."

"ನೋಡಿದ್ರೂ ಕಾಣ್ತಿರ್ಲಿಲ್ಲಮ್ಮ," ಎಂದ ಅಣ್ಣ. ಪಕ್ಕದ ಪೆಟ್ಟಿಗೆಯ ಮೇಲೆ ಕೂತ. "ಹದಿನೆಂಟು ವರ್ಷ ಆ ದೋಣಿ ನಡೆಸಿದೋನು ನಾನು. ಕಣ್ಣು ಮಂಜಾಯ್ತು ಅಂತ ನನ್ನ ಇಳಿಸಿ ಅವನನ್ನ ಕೂರಿಸಿದ್ರು. ದಿನಾ ದಡದಲ್ಲಿ ನಿಂತು ನೋಡ್ಬೇಕಲ್ಲ... ಹೊರಡೋ ಮೊದಲು ಹತ್ತು ನಿಮಿಷ ಮೋಟಾರ್ ಬಿಸಿ ಮಾಡೋದು ಅವನ ರೂಢಿ. ಕಟ್ಟೆಯಲ್ಲೇ ನಿಂತ್ಹೋಗ್ಲಿ, ನಾಲ್ಕು ಜನ ನಗ್ಲಿ, ಅಷ್ಟೇ ನಾನು ಬಯಸಿದ್ದು. ಆಚೆ ದಡದಲ್ಲಿ ಯಾರಿಗೋ ಹೆರಿಗೆ ನೋವು ಅಂತ ನರ್ಸಮ್ಮ ಓಡಿ ಬಂದ್ರು. ಅವನು ಬಿಸಿ ಮಾಡದೇ ಹೊರಟುಬಿಟ್ಟ. ಕೂಗಿದೆ, ಕೇಳಿಸ್ಲಿಲ್ಲ."

"ಇವನನ್ನ ಜೈಲಿಗೆ ಹಾಕ್ಸೋಕೆ ಕೂಗಿದ್ರಲ್ಲ, ಅದು ಎಲ್ಲರಿಗೂ ಕೇಳಿಸ್ತು, ಭಾವ," ಎಂದಳು ದೋಣಿಯವನ ಹೆಂಡತಿ, ಮೆಕ್ಯಾನಿಕ್‌ನ ಕಡೆ ಕೈ ತೋರಿಸಿ. ಐದು ಹೊಡೆಯುವ ಮೊದಲೇ ಇನ್ಸ್‌ಪೆಕ್ಟರು ಅಣ್ಣನನ್ನು ಜೀಪಿಗೆ ಹತ್ತಿಸಿದರು. ಮೆಕ್ಯಾನಿಕ್ ಹೊರಬಂದಾಗ ಜನ ತಾವಾಗಿ ದಾರಿ ಬಿಟ್ಟರು. ಯಾರೂ ಅವನ ಮುಖ ನೋಡಲಿಲ್ಲ.

ಮಾರನೆಯ ದಿನ ಟೈಪಿಸ್ಟರು ಸರ್ವೇಯರಮ್ಮನ ಜೊತೆ ಆಸ್ಪತ್ರೆಗೆ ಹೋದರು. ದೋಣಿಯವನ ಕಾಲು ತೆಗೆಯಬೇಕಾಗಿ ಬಂದಿತ್ತು, ಜೀವ ಉಳಿದಿತ್ತು. ದೋಣಿಯವನು ಕಣ್ಣು ತೆರೆದು ಕೋಣೆಯಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದ.

"ಅಣ್ಣ ಎಲ್ಲಿ?" ಎಂದ. "ನೀರಲ್ಲಿ ಅವನೇ ನನ್ನ ಕೈ ಹಿಡ್ಕೊಂಡಿದ್ದು. ನೆನಪಿದೆ ನನಗೆ."

ಹೆಂಡತಿ ಹೊದಿಕೆ ಸರಿಪಡಿಸಿದಳು. ಮತ್ತೊಮ್ಮೆ ಸರಿಪಡಿಸಿದಳು. ಆಮೇಲೆ, "ನಿದ್ದೆ ಮಾಡಿ," ಎಂದಳು. "ನಾಳೆ ಹೇಳ್ತೀನಿ."