ಬಾಲ್ಕನಿಗೆ ಬಂದ ಕರಡಿ

ಕರಡಿ ಬೀದಿಯನ್ನು ನೋಡುತ್ತಿರಲಿಲ್ಲ.

ನಮ್ಮನ್ನು ನೋಡುತ್ತಿತ್ತು!

ಕರಡಿ ಎಂದರೆ ಕರಡಿ ಮುಖವಾಡ ಹಾಕಿದ ಗಂಡಸು. ನಮ್ಮ ಹೋಟೆಲ್ ರೂಮಿನ ಬಾಲ್ಕನಿಯಲ್ಲಿ ಜನ ಒತ್ತಿಕೊಂಡು ನಿಂತಿದ್ದರು. ಮೊಲ, ನರಿ, ಗೂಬೆ, ಅರ್ಧಚಂದ್ರ... ಎಲ್ಲರಿಗೂ ಮುಖವಾಡ. ಎಲ್ಲರೂ ಅಪರಿಚಿತರು. ಕೆಳಗೆ ಕಾರ್ನಿವಲ್ ಮೆರವಣಿಗೆ. ಡ್ರಮ್ಮಿನ ಸದ್ದಿಗೆ ಮೇಜಿನ ಮೇಲಿದ್ದ ಲೋಟ ತಾನಾಗಿಯೇ ಜರುಗುತ್ತಿತ್ತು. ಎಲ್ಲರ ಬೆನ್ನೂ ನಮ್ಮ ಕಡೆಗಿತ್ತು.

ಅವನೊಬ್ಬನದನ್ನು ಬಿಟ್ಟು.



ಜನರನ್ನು ಬಚ್ಚಿಡುವುದು ನನ್ನ ಕಸುಬು. ಹಿಂದೆ ಪೊಲೀಸ್ ಇಲಾಖೆಯಲ್ಲಿದ್ದೆ. ಈಗ ವಕೀಲರು ಫೋನ್ ಮಾಡುತ್ತಾರೆ, ನಾನು ಅವರ ಸಾಕ್ಷಿಗಳನ್ನು ವೀಕೆಂಡ್ ಟ್ರಿಪ್ಪಿಗೆ ಹೊರಡಿಸುತ್ತೇನೆ. ಕಾರ್ನಿವಲ್ ಸೀಸನ್ನಿನ ದೊಡ್ಡ ಊರು ಅದಕ್ಕೆ ಹೇಳಿ ಮಾಡಿಸಿದ ಜಾಗ. ಊರಿಗೆ ಊರೇ ಮುಖ ಮುಚ್ಚಿಕೊಂಡಾಗ ಇಬ್ಬರನ್ನು ಯಾರು ಹುಡುಕುತ್ತಾರೆ ಹೇಳಿ?

ಈ ಸಲದ ಸಾಕ್ಷಿ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಅವರ ಮನೆಯೆದುರಿನ ಅರ್ಧ ಕಟ್ಟಿದ ಕಟ್ಟಡದ ಮೇಲಿನಿಂದ ಬಿಲ್ಡರೊಬ್ಬ ತನ್ನ ಪಾರ್ಟ್ನರನನ್ನು ತಳ್ಳಿದ್ದನ್ನು ಅವರು ಅಡುಗೆಮನೆಯ ಕಿಟಕಿಯಿಂದ ಕಂಡಿದ್ದರು. ಸೋಮವಾರ ಕೋರ್ಟು. ಅಲ್ಲಿಯವರೆಗೆ ಅವರು ಉಸಿರಾಡುತ್ತಿರಬೇಕು. ಅಷ್ಟೇ ನನ್ನ ಕೆಲಸ.

“ನನ್ನ ಹೆಂಡ್ತಿಗೆ ಮಾತ್ರ ಗೊತ್ತಾಗಬಾರದು. ಅವಳಿಗೆ ಧೈರ್ಯ ಕಮ್ಮಿ,” ಎಂದಿದ್ದರು ಮೇಷ್ಟ್ರು. “ಸುಮ್ನೆ ಟ್ರಿಪ್ ಅಂತ ಹೇಳಿಬಿಡೋಣ.”

ಹಾಗೆ ನಾನು ಟೂರ್ ಗೈಡ್ ಆದೆ.

ನಾನು ಬುಕ್ ಮಾಡಿದ್ದು ಹಿಂದುಗಡೆಯ ರೂಮು. ಬೀದಿಗೆ ಕಿಟಕಿಯೇ ಇಲ್ಲ. ಶುಕ್ರವಾರ ಮೇಷ್ಟ್ರ ಹೆಂಡತಿ ಆ ಬೋಳು ಗೋಡೆಯನ್ನು ಒಂದು ಗಳಿಗೆ ನೋಡಿದರು.

“ಪರವಾಗಿಲ್ಲ ಬಿಡಮ್ಮಾ. ಸದ್ದಾದ್ರೂ ಕೇಳ್ಸತ್ತಲ್ಲ.”

ಅಷ್ಟು ಹೇಳಿ ತಮ್ಮ ಶಾಲನ್ನು ತೆಗೆದು ನನ್ನ ಹೆಗಲಿಗೆ ಹೊದಿಸಿದರು. ಎಸಿ ಗಾಳಿ ನನ್ನ ಮೇಲೆಯೇ ಬೀಸುತ್ತಿತ್ತಂತೆ. ನನಗೆ ಯಾರಾದರೂ ಹಾಗೆ ಹೊದಿಸಿ ಎಷ್ಟು ಕಾಲವಾಗಿತ್ತೋ...

ಕರಗಿಹೋದೆ. ಕೆಳಗಿಳಿದು ಮುಂದುಗಡೆಯ ರೂಮು ತೆಗೆದುಕೊಂಡೆ!

ಆ ಸಂಜೆಯೇ ಟಿವಿಯವರ ಕ್ರೇನ್ ಕ್ಯಾಮೆರಾ ನಮ್ಮ ಬಾಲ್ಕನಿಯ ಮುಂದೆ ಹಾದುಹೋಯಿತು. ನಾನು ಪರದೆ ಎಳೆಯುವಷ್ಟರಲ್ಲಿ ಮೇಷ್ಟ್ರು ಬಗ್ಗಿ ಕೈ ಬೀಸಿಯಾಗಿತ್ತು. ಬಿಲ್ಡರನ ಕಡೆಯವರು ಟಿವಿ ನೋಡಿದ್ದರೆ ಕತೆ ಮುಗಿಯಿತು; ಊರು ಬಿಡೋಣವೆಂದರೆ ಟ್ರೇನಿಲ್ಲ, ರಸ್ತೆಯೆಲ್ಲಾ ಬಂದ್. ಶನಿವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ರಿಸೆಪ್ಷನಿಸ್ಟ್ ಹುಡುಗಿ. ಅವಳ ಹಿಂದೆ ಮುಖವಾಡಗಳ ಕ್ಯೂ.

“ಮೇಡಂ, ಮುಂದ್ಗಡೆ ರೂಮು ಅಂದ್ರೆ ಮೆರವಣಿಗೆ ಹೊತ್ತಲ್ಲಿ ಬಾಲ್ಕನಿ ಎಲ್ರದ್ದೂ. ಟಿಕೆಟ್ ಮಾರಿಬಿಟ್ಟಿದೀವಿ. ಬುಕಿಂಗಲ್ಲೇ ಬರೆದಿತ್ತಲ್ಲ?”

ನಾನು ಓದಿರಲಿಲ್ಲ. ಬಚ್ಚಿಡುವವಳು ನಾನು. ಬಾಗಿಲೆಲ್ಲಿ, ಮೆಟ್ಟಿಲೆಲ್ಲಿ, ಲಾಂಡ್ರಿ ಎಲ್ಲಿ ಎಂದು ನೋಡುತ್ತೇನೆ. ಪ್ರವಾಸಿಗಳು ಓದುವುದನ್ನು ಓದಿದವಳೇ ಅಲ್ಲ!

ಮೇಷ್ಟ್ರನ್ನು ಬಾತ್‌ರೂಮಿಗೆ ತಳ್ಳಿ ಒಳಗಿನಿಂದ ಚಿಲಕ ಹಾಕಿಸಿದೆ. ಹೊಟ್ಟೆ ಕೆಟ್ಟಿದೆ ಎಂದು ಹೆಂಡತಿಗೆ ಹೇಳಿದೆ.

ಈಗ ಕರಡಿ ಬಾಲ್ಕನಿಯಿಂದ ಒಳಗೆ ಬಂತು. ಮೆಲ್ಲಗೆ.

“ಸಾರ್ ಇಲ್ವಾ?”

ಈ ರೂಮಿನಲ್ಲೊಬ್ಬ ಗಂಡಸಿದ್ದಾನೆಂದು ಯಾರೂ ಹೇಳಿರಲಿಲ್ಲ.

“ಯಾವ ಸಾರ್?”

“ನಲ್ಲಿ ಬಿಟ್ಕೊಂಡು ಒಳಗೆ ಕೂತಿರೋ ಸಾರ್.”

ಅವನ ಕೋಟಿನ ಜೇಬು ನನ್ನ ಹೊಟ್ಟೆಯತ್ತ ಉಬ್ಬಿತು. ಜೇಬಿನೊಳಗೆ ಏನಿದೆಯೆಂದು ಕೇಳಬೇಕಾಗಿರಲಿಲ್ಲ.

“ನೀವು ಗೈಡ್ ತಾನೇ? ಆಂಟಿನ ಕರ್ಕೊಂಡು ಹೋಗಿ ಮೆರವಣಿಗೆ ತೋರ್ಸಿ. ಈಗ ಪಟಾಕಿ ಶುರುವಾಗತ್ತೆ. ಒಳಗೆ ಏನಾದ್ರೂ ಯಾರಿಗೂ ಕೇಳ್ಸಲ್ಲ.”

“ಇಷ್ಟು ಜನ ಇದಾರೆ...”

“ಎಷ್ಟು ಜನ ನನ್ನ ಮುಖ ನೋಡಿದಾರೆ?”

ನಿಜ ಹೇಳಲೇ? ಎಂಥೆಂಥ ರೌಡಿಗಳ ಮುಂದೆ ನಿಂತವಳು ನಾನು. ಆದರೆ ಅವರಿಗೆಲ್ಲಾ ಒಂದು ಮುಖವಿತ್ತು. ಈ ನಗುವ ರಟ್ಟಿನ ಕರಡಿಯ ಮುಂದೆ ಕೈಕಾಲು ಆಡಲಿಲ್ಲ.

ಆಗ ಮೇಷ್ಟ್ರ ಹೆಂಡತಿ ನೀರಿನ ಲೋಟ ಹಿಡಿದುಕೊಂಡು ನಮ್ಮಿಬ್ಬರ ನಡುವೆ ಬಂದರು!

“ಅಯ್ಯೋ ಪಾಪ! ಎಷ್ಟು ಬೆವರ್ತಿದೀಯಪ್ಪಾ! ಕುತ್ತಿಗೆಯಿಂದ ನೀರು ಇಳೀತಿದೆ ನೋಡು.”

“ಬೇಡ ಆಂಟಿ.”

“ಬೇಡ ಅನ್ಬೇಡ. ನನ್ನ ಮಗನ ವಯಸ್ಸು ನಿಂದು.”

“ಆಂಟೀ, ದೂರ ಹೋಗಿ!”

“ಇದನ್ನ ಹಾಕ್ಕೊಂಡು ಹೇಗೆ ಕುಡೀತೀಯಾ?”

ಕೈ ಎತ್ತಿದರು. ಎಲಾಸ್ಟಿಕ್ ಎಳೆದರು.

ಕರಡಿಯ ಮುಖ ಅವರ ಕೈಗೆ ಬಂತು!

ಒಳಗೊಂದು ಎಳೆಯ ಮುಖ. ಸೆಕೆಗೆ ಕೆಂಪಾಗಿತ್ತು. ಬೆಚ್ಚಿಬಿದ್ದಿತ್ತು.

“ಎಲ್ರೂ ಇಲ್ಲಿ ನೋಡಿ!” ಮೇಷ್ಟ್ರ ಹೆಂಡತಿ ಕೂಗಿದರು. “ಈ ಹುಡುಗನ ಜೊತೆ ನಂದೊಂದು ಫೋಟೋ ತೆಗೀರಪ್ಪಾ!”

ಮೊಲ ತಿರುಗಿತು. ನರಿ ತಿರುಗಿತು. ಮೊಬೈಲುಗಳು ಮೇಲೆದ್ದವು. ಫಳ್! ಫಳ್! ಅವನು ಮುಖ ಮುಚ್ಚಿಕೊಳ್ಳಲು ಜೇಬಿನಿಂದ ಕೈ ತೆಗೆದ. ಆ ಕೈಯಲ್ಲೇ ಪಿಸ್ತೂಲು.

ಯಾರೋ ಚೀರಿದರು.

ನಾನು ನೀರು ಕಾಯಿಸುವ ಕೆಟಲ್ ಎತ್ತಿ ಅವನ ಮಣಿಕಟ್ಟಿಗೆ ಬೀಸಿದೆ. ಪಿಸ್ತೂಲು ಮಂಚದಡಿ ಜಾರಿತು. ಅವನು ಅದರ ಹಿಂದೆ ತೂರಿದ. ನಾನು ಬಾತ್‌ರೂಮಿನ ಬಾಗಿಲು ಬಡಿದೆ.

“ಮೇಷ್ಟ್ರೇ! ಓಡಿ!”

ಮೊಲದ ಮುಖವಾಡದ ಹುಡುಗಿ ತನ್ನ ಮುಖವಾಡ ಕಿತ್ತು ಹೊರಬಂದ ಮೇಷ್ಟ್ರ ತಲೆಗೆ ಸಿಕ್ಕಿಸಿದಳು. “ಹೋಗಿ ಅಂಕಲ್, ಹೋಗಿ!” ಅವಳಿಗೆ ನಾವು ಯಾರೋ ಏನೋ. ಕೇಳಲೂ ಇಲ್ಲ.

ಸರ್ವಿಸ್ ಮೆಟ್ಟಿಲು. ಹಿಂದೆ ಬೂಟಿನ ಸದ್ದು. ಮೇಷ್ಟ್ರಿಗೆ ಏದುಸಿರು. ಕೆಳಗೆ ಲಾಂಡ್ರಿಯ ಹೆಂಗಸು ನಮ್ಮನ್ನು ನೋಡಿದಳು, ನಮ್ಮ ಹಿಂದೆ ನೋಡಿದಳು.

“ಆ ಬಾಗ್ಲು. ಬೇಗ!”

ನಾವು ದಾಟುತ್ತಿದ್ದಂತೆ ಬೆಡ್‌ಶೀಟ್ ತುಂಬಿದ ಗಾಡಿಯನ್ನು ಅಡ್ಡಕ್ಕೆ ತಳ್ಳಿದಳು. ಅವನು ಅದಕ್ಕೆ ಡಿಕ್ಕಿ ಹೊಡೆದದ್ದೂ ಬೈದದ್ದೂ ಕೇಳಿಸಿತು.

ಬೀದಿ! ಡ್ರಮ್ಮು, ಬಣ್ಣದ ಕಾಗದ, ಸಾವಿರ ಮುಖವಾಡ. ಮೇಷ್ಟ್ರು ಮೊಲ. ನಾನು ಶಾಲು ಎಳೆದು ಮುಖ ಮುಚ್ಚಿಕೊಂಡೆ. ಮೇಷ್ಟ್ರ ಹೆಂಡತಿ... ಕರಡಿ! ಯಾವಾಗ ಹಾಕಿಕೊಂಡರೋ!

ಅವನು ಹೊರಗೆ ಬಂದ. ಆಚೆ ನೋಡಿದ, ಈಚೆ ನೋಡಿದ. ನಮ್ಮ ಮೇಲೆಯೇ ಕಣ್ಣಾಡಿಸಿದ. ಗುರುತು ಸಿಗಲಿಲ್ಲ. ನಾನು ಕಾನ್‌ಸ್ಟೇಬಲ್ ಒಬ್ಬನ ತೋಳು ಜಗ್ಗಿದೆ.

“ಪಿಸ್ತೂಲಿದೆ ಅವನ ಹತ್ರ!”

“ಯಾರ ಹತ್ರ? ಎಲ್ರೂ ಒಂದೇ ತರ ಇದಾರೆ!”

“ಮುಖವಾಡ ಇಲ್ದೋನು!”

ಇಡೀ ಬೀದಿಯಲ್ಲಿ ಬರೀ ಮುಖದವನು ಅವನೊಬ್ಬನೇ. ಡ್ರಮ್ಮಿನವರ ಕಾಲಬುಡದಲ್ಲೇ ಪೊಲೀಸರು ಅವನನ್ನು ಕೆಡವಿದರು.

ಪೊಲೀಸ್ ವ್ಯಾನಿನಲ್ಲಿ ಮೇಷ್ಟ್ರು ಹೆಂಡತಿಯ ಕೈ ಹಿಡಿದು ತೊದಲಿದರು.

“ನಿಂಗೆ ಮೊದ್ಲೇ ಹೇಳ್ಬೇಕಿತ್ತು ಕಣೇ...”

“ಏನು ಹೇಳೋದು? ಮದುವೆಯಾದಾಗಿಂದ ಒಂದು ಸಿನಿಮಾಕ್ಕೆ ಕರ್ಕೊಂಡು ಹೋಗ್ದಿರೋ ಮನುಷ್ಯ ಟ್ರಿಪ್ ಅಂದ್ರಲ್ಲ, ಆಗ್ಲೇ ಗೊತ್ತಾಯ್ತು. ಜೀವಕ್ಕೇ ಏನೋ ಬಂದಿದೆ ಅಂತ.”

“ಮತ್ತೆ ಸುಮ್ನಿದ್ದೆ?”

“ನಿಮಗೆ ಧೈರ್ಯ ಕಮ್ಮಿ. ನನಗೆ ಗೊತ್ತಿದೆ ಅಂತ ಗೊತ್ತಾದ್ರೆ ಇನ್ನೂ ಹೆದರ್ತಿದ್ರಿ.”

ಅಷ್ಟು ಹೇಳಿ ಅವರು ಸೀಟಿನ ಮೂಲೆಗೆ ಮುದುಡಿಕೊಂಡರು. ಶಾಲು ತೆಗೆದು ಅವರಿಗೇ ಹೊದಿಸಿದೆ.

ಸೋಮವಾರ ಮೇಷ್ಟ್ರು ಸಾಕ್ಷಿ ಹೇಳಿದರು. ಪಾಠ ಮಾಡುವ ಹಾಗೆ, ಒಂದು ಮಾತು ತಪ್ಪದಂತೆ. ಬಿಲ್ಡರನ ಮುಖ ಬಿಳಿಚಿಕೊಂಡಿತು.

ಕೋರ್ಟಿನ ಮೆಟ್ಟಿಲಿಳಿಯುವಾಗ ಮೇಷ್ಟ್ರಿಗೆ ಹುರುಪೋ ಹುರುಪು.

“ಏನೇ, ಮುಂದಿನ ತಿಂಗಳು ಸಮುದ್ರದ ಕಡೆ ಹೋಗ್ಬರೋಣ್ವಾ?”

ಹೆಂಡತಿ ಗಕ್ಕನೆ ನಿಂತರು. ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡರು.

“ಅಯ್ಯೋ ದೇವ್ರೇ... ಇನ್ಯಾರನ್ನ ತಳ್ಳಿದ್ದು ನೋಡಿದ್ರಿ?”