ಅಜ್ಜನ ಉದ್ದ ಸೆಂಟಿಮೀಟರು

"ಈ ಗೆರೆ ಎಷ್ಟು?" ಗಣಿತದ ಮಿಸ್ ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ಕೇಳಿದರು.

"ಹತ್ತು ಸೆಂಟಿಮೀಟರ್, ಮಿಸ್."

"ಇದು?"

"ಐದು."

ಮಿಸ್ ತಮ್ಮ ಸ್ಕೇಲನ್ನು ಗೆರೆಯ ಪಕ್ಕ ಇಟ್ಟು, ನೀನೇ ನೋಡಮ್ಮ ಅಂದರು. ಪಿಟೀಲು ಬಗ್ಗಿ ನೋಡಿದಳು. ಹತ್ತು ಅಂದದ್ದು ಹತ್ತನ್ನು ದಾಟಿ ಇನ್ನೂ ಎರಡು ಮಿಲಿಮೀಟರ್ ಮುಂದಕ್ಕೆ ಹೋಗಿತ್ತು. ಐದು ಅಂದದ್ದು ಒಂದು ಮಿಲಿಮೀಟರ್ ಜಾಸ್ತಿ ಇತ್ತು. ಹೋಂವರ್ಕಿಗೆ ಬರೆದಿದ್ದ ಒಂಬತ್ತು ಚಿತ್ರಗಳಲ್ಲಿ ಒಂಬತ್ತೂ ತಪ್ಪು.

ಪಿಟೀಲು ಅನ್ನುವುದು ಅವಳ ನಿಜವಾದ ಹೆಸರೇನಲ್ಲ. ಹುಟ್ಟಿದ ಮೊದಲ ಮೂರು ತಿಂಗಳು ಹಗಲೂ ರಾತ್ರಿ ಕುಂಯ್ ಕುಂಯ್ ಅಂತ ಅಳುತ್ತಿದ್ದಳಂತೆ. ಅಜ್ಜ ಆಗ ಇಟ್ಟ ಹೆಸರು ಮನೆಯಿಂದ ಬೀದಿಗೆ, ಬೀದಿಯಿಂದ ಶಾಲೆಗೆ ಬಂದುಬಿಟ್ಟಿತ್ತು. ಈಗ ಅವಳಿಗೆ ಹತ್ತು ವರ್ಷ. ಅಳುವುದು ತೀರಾ ಕಡಿಮೆ. ಆದರೆ ಈ ಹೊತ್ತು ಅವಳಿಗೆ ನಿಜವಾಗಿಯೂ ಅಳು ಬರುವ ಹಾಗಾಗಿತ್ತು. ಆ ಚಿತ್ರಗಳಿಗಾಗಿ ಅವಳು ಮೂರು ಸಲ ಪೆನ್ಸಿಲ್ ಚೂಪು ಮಾಡಿದ್ದಳು!

ಮಿಸ್ ಒಳ್ಳೆಯವರು. ತಪ್ಪು ಹಾಕಿ ಸುಮ್ಮನಾಗಲಿಲ್ಲ. ನಿನ್ನ ಸ್ಕೇಲ್ ತಾ ನೋಡೋಣ ಅಂದರು. ಎರಡೂ ಸ್ಕೇಲುಗಳ ಸೊನ್ನೆಗೆ ಸೊನ್ನೆ ಹೊಂದಿಸಿ ಪಕ್ಕಪಕ್ಕ ಇಟ್ಟರು. ಒಂದನೇ ಸೆಂಟಿಮೀಟರಿನ ಹತ್ತಿರ ಎಲ್ಲ ಸರಿಯಾಗೇ ಇದ್ದ ಹಾಗಿತ್ತು. ಹತ್ತರ ಹತ್ತಿರ ಗೆರೆಗಳು ಜೊತೆ ತಪ್ಪಿದವು. ಮೂವತ್ತಕ್ಕೆ ಬರುವಷ್ಟರಲ್ಲಿ ಪಿಟೀಲಿನ ಸ್ಕೇಲು ಮಿಸ್ ಸ್ಕೇಲಿಗಿಂತ ಆರು ಮಿಲಿಮೀಟರ್ ಮುಂದಿತ್ತು.

"ಮಿಸ್, ಪಿಟೀಲಿನ ಸ್ಕೇಲಿಗೆ ಬಾವು ಬಂದಿದೆ," ಅಂದ ಮುಂದಿನ ಬೆಂಚಿನ ಕನ್ನಡಕದ ಹುಡುಗ. ಇಡೀ ಕ್ಲಾಸು ನಕ್ಕಿತು.

ಪಿಟೀಲು ಸ್ಕೇಲನ್ನು ತೆಗೆದುಕೊಂಡು ಹಿಂದುಮುಂದು ತಿರುಗಿಸಿದಳು. ಹಿಂಬದಿಯ ಮೂಲೆಯಲ್ಲಿ ಒಂದು ಪುಟ್ಟ ನಕ್ಷತ್ರ, ಉಕ್ಕಿನಲ್ಲಿ ಕುಟ್ಟಿ ಮೂಡಿಸಿದ್ದು. ಇದು ಅವಳದ್ದಲ್ಲ, ಅಜ್ಜನದ್ದು.

ಸೋಮವಾರ ಬೆಳಿಗ್ಗೆ ಬಸ್ಸು ಹಾರ್ನ್ ಹೊಡೆಯುತ್ತಿದ್ದಾಗ, ಕಿಟಕಿ ಪಕ್ಕದ ಮೇಜಿನ ಮೇಲಿಂದ ಅವಳು ಸ್ಕೇಲನ್ನು ಎಳೆದು ಬ್ಯಾಗಿಗೆ ತುರುಕಿಕೊಂಡಿದ್ದಳು. ಅದೇ ಮೇಜಿನ ಮೇಲೆ ಅಜ್ಜನ ಉಳಿ, ಅರ, ಭೂತಗನ್ನಡಿಯೂ ಇದ್ದವು. ಅವಳ ಸ್ಕೇಲು ಕೂಡ ಉಕ್ಕಿನದೇ. ಪ್ಲಾಸ್ಟಿಕ್ ಸ್ಕೇಲು ವಾರಕ್ಕೊಂದು ಮುರಿಯುತ್ತಾಳೆ ಅಂತ ಅಜ್ಜನೇ ಕೊಡಿಸಿದ್ದು. ಎರಡೂ ಆ ಮೇಜಿನ ಮೇಲೆ ಅವಳಿಜವಳಿಯ ಹಾಗೆ ಬಿದ್ದಿದ್ದವು.

ಹಾಗಾದರೆ ಸೋಮವಾರದಿಂದ ಅಜ್ಜ ಕೆಲಸ ಮಾಡಿದ್ದು ಯಾವ ಸ್ಕೇಲಿನಲ್ಲಿ?

ಅವಳಿಗೆ ಆಮೇಲೆ ಮಿಸ್ ಹೇಳಿದ್ದು ಒಂದೂ ಕಿವಿಗೆ ಬೀಳಲಿಲ್ಲ.

ಪಿಟೀಲಿನ ಅಮ್ಮ ಊರಾಚೆಯ ದೊಡ್ಡ ವರ್ಕ್‌ಶಾಪಿನಲ್ಲಿ ಎಂಜಿನಿಯರ್. ಅಲ್ಲಿ ಮೂರು ವರ್ಷದಿಂದ ಒಂದು ಉಗಿಬಂಡಿಯ ಎಂಜಿನ್ ತಯಾರಾಗುತ್ತಿದೆ. ಹಳೆಯದರ ರಿಪೇರಿ ಅಂದುಕೊಂಡೀರಿ, ಅಲ್ಲ. ಹೊಚ್ಚಹೊಸದು. ಆ ಜಾತಿಯ ಎಂಜಿನ್ನುಗಳನ್ನೆಲ್ಲ ಎಂದೋ ಒಡೆದು ಗುಜರಿಗೆ ಹಾಕಿಯಾಗಿತ್ತು. ಉಳಿದದ್ದು ಹಳದಿ ಬಣ್ಣಕ್ಕೆ ತಿರುಗಿದ ಒಂದಿಷ್ಟು ನಕ್ಷೆಗಳು ಮಾತ್ರ. ಅಮ್ಮ ಆ ನಕ್ಷೆಗಳನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದಳು. ಆಮೇಲೆ ಮೆಷಿನ್ ಒಂದು ಥರ್ಮೋಕೋಲ್ ದಿಮ್ಮಿಯನ್ನು ತನ್ನಷ್ಟಕ್ಕೆ ಕೆತ್ತಿ ಚಕ್ರದ್ದೋ ಸಿಲಿಂಡರಿನದ್ದೋ ಆಕಾರ ತೆಗೆದುಕೊಡುತ್ತಿತ್ತು. ಈ ಆಕಾರಕ್ಕೆ ಪ್ಯಾಟರ್ನ್ ಅನ್ನುತ್ತಾರೆ. ಅದರ ಸುತ್ತ ಮರಳು ಗಟ್ಟಿಯಾಗಿ ತುಂಬಿ, ಪ್ಯಾಟರ್ನನ್ನು ಮೆಲ್ಲಗೆ ಹೊರಗೆ ತೆಗೆದರೆ ಮರಳಿನಲ್ಲಿ ಅದೇ ಆಕಾರದ ಗುಂಡಿ ಉಳಿಯುತ್ತದೆ. ಅದಕ್ಕೆ ಕರಗಿದ ಉಕ್ಕು ಸುರಿಯುತ್ತಾರೆ.

ಅಮ್ಮನ ಅಪ್ಪ, ಅಂದರೆ ಪಿಟೀಲಿನ ಅಜ್ಜ, ಒಂದು ಕಾಲದಲ್ಲಿ ಇದೇ ಪ್ಯಾಟರ್ನುಗಳನ್ನು ಮರದಲ್ಲಿ ಕೈಯಿಂದಲೇ ಮಾಡುತ್ತಿದ್ದವನು. ಈಗ ಮೆಷಿನ್ನಿಗೆ ಬಿಡುವಿರಲಿಲ್ಲ. ಎಂಜಿನ್ನಿನ ಮುಖದ ಮೇಲೆ ಒಂದು ದುಂಡನೆಯ ಬಾಗಿಲಿರುತ್ತದಲ್ಲ, ಅದರ ಕೀಲು ಒಂದು ಬಾಕಿ ಉಳಿದಿತ್ತು. ಮೂವತ್ತು ಸೆಂಟಿಮೀಟರ್ ಉದ್ದದ್ದು, ಬಾಗಿಲಿನ ಮೇಲೆ ಚಾಚಿಕೊಂಡಿರುವಂಥದ್ದು. ಅದನ್ನು ಅಪ್ಪ ಮಾಡಲಿ ಅಂದಳು ಅಮ್ಮ.

ಅಜ್ಜ ಆ ದಿನ ಎರಡು ಸಲ ಗಡ್ಡ ಬೋಳಿಸಿಕೊಂಡ, ಅಷ್ಟು ಖುಷಿ. ಆದರೆ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಿಡಿದು ಪ್ಯಾಟರ್ನುಗಳ ಅಳತೆ ನೋಡುವ ಅಣ್ಣನೊಬ್ಬ ಇದ್ದಾನೆ. "ಪಾಪ, ಅವರಿಗೂ ಒಂದು ಕೆಲಸ ಕೊಡೋಣ ಬಿಡಿ," ಅಂದಿದ್ದನಂತೆ. ಅಜ್ಜನ ಕಣ್ಣು ಮಂದವಾದರೂ ಕಿವಿ ಚುರುಕು. ಆ ಮಾತನ್ನು ಅವನು ಪಿಟೀಲಿನ ಹತ್ತಿರ ಮಾತ್ರ ಹೇಳಿಕೊಂಡಿದ್ದ. "ಪಾಪ ಅಂದ್ಬಿಟ್ಟ ಕಣೇ ನನ್ನ," ಅಂದಿದ್ದ.

ಆ ಪ್ಯಾಟರ್ನ್ ಇವತ್ತು ಬೆಳಿಗ್ಗೆ ಅಮ್ಮನ ಜೊತೆ ವರ್ಕ್‌ಶಾಪಿಗೆ ಹೋಗಿತ್ತು. ನಾಲ್ಕೂವರೆಗೆ ಎರಕ ಹೊಯ್ಯುವುದಿತ್ತು.

ಶಾಲೆ ಬಿಟ್ಟಿತು. ಬಸ್ಸು ಮೂಲೆಯಲ್ಲಿ ನಿಂತು ಪಿಟೀಲನ್ನು ಇಳಿಸಿ ಹೋಯಿತು. ಅಲ್ಲಿಂದ ಎಡಕ್ಕೆ ತಿರುಗಿದರೆ ಮನೆ, ಬಲಕ್ಕೆ ಹೋದರೆ ವರ್ಕ್‌ಶಾಪ್. ಅವಳು ಬ್ಯಾಗು ಹೊತ್ತು ಅಲ್ಲೇ ನಿಂತಳು.

ಅಜ್ಜ ಒಂದು ದಿನ ಹೇಳಿದ್ದು ಈಗ ಪೂರ್ತಿ ನೆನಪಾಯಿತು. ಕಾದ ಉಕ್ಕು ತಣ್ಣಗಾದಾಗ ಕುಗ್ಗುತ್ತದೆ. ಮೂವತ್ತು ಸೆಂಟಿಮೀಟರಿಗೆ ಆರು ಮಿಲಿಮೀಟರ್ ಕುಗ್ಗುತ್ತದೆ. ಅದಕ್ಕೇ ಪ್ಯಾಟರ್ನ್ ಮಾಡುವವರ ಸ್ಕೇಲಿನಲ್ಲಿ ಒಂದೊಂದು ಸೆಂಟಿಮೀಟರೂ ಚೂರು ಉದ್ದ. ಆ ಸ್ಕೇಲು ತಿಳಿದೇ ತಪ್ಪು ಹೇಳುತ್ತದೆ. ಕುಗ್ಗಿದ ಮೇಲೆ ಎಲ್ಲ ಸರಿಹೋಗಲಿ ಅಂತ.

ಈಗ ಅಜ್ಜ ಶಾಲೆಯ ಸ್ಕೇಲಿನಲ್ಲಿ ಅಳೆದುಬಿಟ್ಟಿದ್ದಾನೆ. ಕೀಲು ತಣ್ಣಗಾದ ಮೇಲೆ ಆರು ಮಿಲಿಮೀಟರ್ ಗಿಡ್ಡ ಬರುತ್ತದೆ. ಬಾಗಿಲಿಗೆ ಕೂರುವುದಿಲ್ಲ.

ಎಡಕ್ಕೆ ಹೋಗಿ, ಈ ಸ್ಕೇಲನ್ನು ಸದ್ದಿಲ್ಲದೆ ಮೇಜಿನ ಮೇಲೆ ಇಟ್ಟುಬಿಟ್ಟರೆ? ಯಾರಿಗೂ ಗೊತ್ತಾಗುವುದಿಲ್ಲ. ನನ್ನನ್ನು ಯಾರೂ ಬೈಯುವುದಿಲ್ಲ. ಕೀಲು ಗಿಡ್ಡ ಬಂದರೆ ಅಜ್ಜನಿಗೂ ಯಾರೂ ಬೈಯಲಿಕ್ಕಿಲ್ಲ. ಆ ಸ್ಕ್ಯಾನರ್ ಅಣ್ಣ ತಲೆ ಅಲ್ಲಾಡಿಸಿ, ವಯಸ್ಸಾಯಿತು, ಪಾಪ, ಅನ್ನುತ್ತಾನೆ, ಅಷ್ಟೇ.

ಆ 'ಪಾಪ' ಇನ್ನೊಂದು ಸಲ ಅಜ್ಜನ ಕಿವಿಗೆ ಬೀಳಬಾರದು. ಅವಳು ಬಲಕ್ಕೆ ತಿರುಗಿ ಓಡಿದಳು.

ವರ್ಕ್‌ಶಾಪಿನ ನಡುವೆ ಎಂಜಿನ್ ನಿಂತಿತ್ತು. ಬಾಯ್ಲರು, ಚಕ್ರ, ಹೊಗೆಕೊಳವೆ ಎಲ್ಲ ಬಂದಿದ್ದವು. ದುಂಡನೆಯ ಬಾಗಿಲು ಮಾತ್ರ ಪಕ್ಕದ ಗೋಡೆಗೆ ಒರಗಿ ಕೂತಿತ್ತು. ಅದನ್ನು ದಾಟಿ ಹಿಂದಕ್ಕೆ ಹೋದರೆ ಎರಕದ ಶೆಡ್ಡು. ಅಲ್ಲಿ ಕುಲುಮೆ ಗುಂಯ್‌ಗುಡುತ್ತಿತ್ತು. ದಪ್ಪ ಮೀಸೆಯ ಎರಕದ ಮೇಸ್ತ್ರಿ ಕೈಗವಸು ಹಾಕಿಕೊಳ್ಳುತ್ತಿದ್ದ. ಹಳದಿ ಗೆರೆಯ ಈಚೆ, ಬೆಂಚಿನ ಮೇಲೆ ಅಜ್ಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೆಟ್ಟಗೆ ಕೂತಿದ್ದ. ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರು ಕೂತಂತಿತ್ತು.

"ಬಂದ್ಯಾ? ಸರಿಯಾದ ಹೊತ್ತಿಗೆ ಬಂದೆ," ಅಂದ ಅಜ್ಜ, ಪಕ್ಕಕ್ಕೆ ಸರಿದು ಜಾಗ ಕೊಟ್ಟ.

ಪಿಟೀಲು ಕೂರಲಿಲ್ಲ. ಅಜ್ಜನ ಕೈಚೀಲದಿಂದ ಇಣುಕುತ್ತಿದ್ದ ಸ್ಕೇಲನ್ನು ಹೊರಗೆಳೆದಳು. ಬ್ಯಾಗಿನಿಂದ ಇನ್ನೊಂದನ್ನು ತೆಗೆದಳು. ಮಿಸ್ ಮಾಡಿದ ಹಾಗೆಯೇ ಸೊನ್ನೆಗೆ ಸೊನ್ನೆ ಹೊಂದಿಸಿ ಅಜ್ಜನ ತೊಡೆಯ ಮೇಲಿಟ್ಟಳು.

ಅಜ್ಜ ಮೊದಲು ನಕ್ಕ. ಆಮೇಲೆ ನಗು ನಿಂತಿತು. ಎರಡೂ ಸ್ಕೇಲುಗಳ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಒಂದೊಂದನ್ನೇ ತಿರುವಿ ಹಿಂಬದಿಗೆ ಹೆಬ್ಬೆರಳು ಆಡಿಸಿದ. ಒಂದರಲ್ಲಿ ನಕ್ಷತ್ರ ಸಿಕ್ಕಿತು, ಇನ್ನೊಂದರಲ್ಲಿ ಸಿಗಲಿಲ್ಲ.

"ಸೋಮವಾರ ನಾನು ಅವಸರದಲ್ಲಿ ನಿಂದು ತಗೊಂಡು ಹೋಗ್ಬಿಟ್ಟೆ, ಅಜ್ಜ," ಅಂದಳು ಪಿಟೀಲು. ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿ ಬಂತು.

ಅಜ್ಜ ಬೈಯಲಿಲ್ಲ. ಎದ್ದು ನಿಂತ. "ಮೇಸ್ತ್ರಿ, ನನ್ನದಕ್ಕೆ ಹೊಯ್ಯಬೇಡಿ. ಬೇರೆಯದಕ್ಕೆಲ್ಲ ಹೊಯ್ಯಿರಿ. ನನ್ನ ಪ್ಯಾಟರ್ನ್ ತಪ್ಪಾಗಿದೆ."

ಶೆಡ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ತಪ್ಪು ಮಾಡಿದ್ದು ನಾನು ಅಂತ ಪಿಟೀಲು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅಜ್ಜ ಅವಳ ತಲೆಯ ಮೇಲೆ ಕೈಯಿಟ್ಟ. "ನೀನು ತಗೊಂಡು ಹೋದೆ, ಸರಿ. ನಲವತ್ತು ವರ್ಷ ಹಿಡಿದ ಸ್ಕೇಲು ನನಗೆ ಗುರುತು ಸಿಗಲಿಲ್ವಲ್ಲ? ಅಂಕಿ ಎಲ್ಲ ಮಂಜುಮಂಜು ಕಾಣ್ತಿದೆ. ಕೈಗೆ ಗೊತ್ತಲ್ಲ ಅಂತ ಯಾರಿಗೂ ಹೇಳಿರಲಿಲ್ಲ."

ಅಮ್ಮ ಅಲ್ಲಿಗೆ ಬಂದಿದ್ದಳು. ಅವಳ ಮುಖ ಕೆಂಪಾಗಿತ್ತು. ಪಿಟೀಲು ತನಗಿನ್ನು ಗ್ರಹಚಾರ ಅಂದುಕೊಂಡಳು. ಆದರೆ ಅಮ್ಮ ಹೇಳಿದ್ದು ಬೇರೆಯೇ. ಮೆಷಿನ್ ಮಾಡಿದ ಪ್ಯಾಟರ್ನುಗಳನ್ನೆಲ್ಲ ಸ್ಕ್ಯಾನ್ ಮಾಡಿಯೇ ಮರಳಿಗೆ ಇಳಿಸುವುದಂತೆ. ಅಪ್ಪನದನ್ನು ಮಾತ್ರ ಸ್ಕ್ಯಾನ್ ಮಾಡಿರಲಿಲ್ಲವಂತೆ. ಪರೀಕ್ಷೆ ಮಾಡಿದರೆ ಅಪ್ಪನಿಗೆ ಬೇಜಾರಾದೀತು ಅಂತ.

"ಬೇಜಾರು ಎಂಥದು? ಎಲ್ಲರದ್ದೂ ನೋಡೋದಾದ್ರೆ ನಂದೂ ನೋಡಬೇಕು. ಈಗ ಮಾಡು," ಅಂದ ಅಜ್ಜ.

ಪ್ಯಾಟರ್ನು ಶೆಲ್ಫಿನಲ್ಲೇ ಇತ್ತು. ಸ್ಕ್ಯಾನರ್ ಅಣ್ಣ ಅದನ್ನು ಮೇಜಿನ ಮೇಲಿಟ್ಟು, ಇಸ್ತ್ರಿಪೆಟ್ಟಿಗೆಯಂಥ ಒಂದು ಯಂತ್ರವನ್ನು ಅದರ ಸುತ್ತ ಮೆಲ್ಲಗೆ ಆಡಿಸಿದ. ನೀಲಿ ಬೆಳಕಿನ ಗೆರೆಗಳು ಮರದ ಮೇಲೆ ಹರಿದಾಡಿದವು. ಕಂಪ್ಯೂಟರಿನ ಪರದೆಯ ಮೇಲೆ ಮರದ ಕೀಲು ಮೂಡಿತು. ಅಣ್ಣ ಅದನ್ನು ಅಮ್ಮನ ನಕ್ಷೆಯ ಮೇಲೆ ಕೂರಿಸಿ ನೋಡಿದ. ತಲೆ ಕೆರೆದುಕೊಂಡ. ಇನ್ನೊಂದು ಸಲ ಕೂರಿಸಿದ.

ಉಕ್ಕು ಕುಗ್ಗುವುದಕ್ಕೆ ಬಿಡಬೇಕಾದ ಹೆಚ್ಚುವರಿ ಉದ್ದ ಮಾತ್ರ ಇಲ್ಲ, ಉಳಿದಂತೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ ಅಂದ. ಆಮೇಲೆ ಅಜ್ಜನ ಕಡೆ ತಿರುಗಿ, "ಸಾರ್, ಇದನ್ನ ಬರೀ ಕೈಯಲ್ಲಿ ಮಾಡಿದ್ರಾ?" ಅಂತ ಕೇಳಿದ. ಅವನ ದನಿಯಲ್ಲಿ ಪಾಪ ಅನ್ನುವ ರಾಗ ಒಂದಿಷ್ಟೂ ಇರಲಿಲ್ಲ.

"ಮತ್ತೆ ಕಾಲಲ್ಲಿ ಮಾಡ್ತಾರಾ?" ಅಂದ ಅಜ್ಜ.

ಮೇಸ್ತ್ರಿ ಮೀಸೆಯಡಿಯಲ್ಲೇ ನಕ್ಕ. ಅಜ್ಜ ಹೊಸ ಪ್ಯಾಟರ್ನ್ ಮಾಡಬೇಕಿತ್ತು, ಹಾಗಾಗಿ ಕೀಲಿನ ಎರಕವನ್ನು ಇನ್ನೆರಡು ವಾರಕ್ಕೆ ಮುಂದೂಡಬೇಕಾಯಿತು. ಅಮ್ಮನಿಗೆ ಚಿಂತೆ ಹತ್ತಿತು. ಕೀಲು ಬರದೆ ಬೋಲ್ಟಿನ ಜಾಗ ಗುರುತು ಮಾಡುವಂತಿಲ್ಲ, ಬಾಗಿಲಿನ ಕೆಲಸವೆಲ್ಲ ನಿಂತುಹೋಗುತ್ತದೆ ಅಂತ.

ಪಿಟೀಲು ಮರದ ಕೀಲನ್ನೇ ನೋಡುತ್ತ ನಿಂತಿದ್ದಳು. ಅವಳ ತಲೆಯಲ್ಲಿ ಎರಡು ಸ್ಕೇಲುಗಳು ಇನ್ನೂ ಪಕ್ಕಪಕ್ಕದಲ್ಲೇ ಇದ್ದವು.

"ಅಮ್ಮಾ, ಇದು ಎರಕಕ್ಕೆ ಚಿಕ್ಕದು. ಆದ್ರೆ ಕೀಲು ಕುಗ್ಗಿದ ಮೇಲೆ ಇಷ್ಟೇ ಇರಬೇಕಲ್ವಾ?"

ಅಮ್ಮ ಅವಳ ಮುಖ ನೋಡಿದಳು. ಪರದೆ ನೋಡಿದಳು. ಮರದ ಕೀಲನ್ನು ಎತ್ತಿಕೊಂಡು ಸೀದಾ ಬಾಗಿಲಿನ ಹತ್ತಿರ ಹೋಗಿ ಅದರ ಮೇಲಿಟ್ಟಳು. ಕೀಲು ಸರಿಯಾಗಿ ಕೂತಿತು. ಕ್ಲಾಂಪ್ ಹಾಕಿ, ಇದನ್ನೇ ಇಟ್ಟುಕೊಂಡು ಗುರುತು ಮಾಡಿ, ಬಾಗಿಲಿನ ಕೆಲಸ ನಿಲ್ಲೋದು ಬೇಡ ಅಂದಳು. ಅಷ್ಟಾದ ಮೇಲೆ ಪಿಟೀಲಿನ ಕಿವಿಯನ್ನೂ ಮೆತ್ತಗೆ ಹಿಂಡಿದಳು. ಅದು ಸ್ಕೇಲಿನ ಬಾಬತ್ತು.

ಮರುದಿನದಿಂದ ಕಿಟಕಿ ಪಕ್ಕದ ಮೇಜಿನಲ್ಲಿ ಎರಡು ಕುರ್ಚಿ ಬಿದ್ದವು. ಉಳಿ ಹಿಡಿಯುವುದು ಅಜ್ಜ, ಅಂಕಿ ಓದುವುದು ಪಿಟೀಲು. ಕಣ್ಣಿನ ಡಾಕ್ಟರು ಅಜ್ಜನಿಗೆ ಮುಂದಿನ ತಿಂಗಳಿನ ಒಂದು ದಿನ ಗೊತ್ತು ಮಾಡಿದ್ದರು. ಅಲ್ಲಿಯವರೆಗೆ ನನಗೆ ನಾಲ್ಕು ಕಣ್ಣು, ಎರಡು ಹಳೇದು, ಎರಡು ಹೊಸದು ಅಂತ ಅಜ್ಜ ಬಂದವರಿಗೆಲ್ಲ ಹೇಳಿಕೊಂಡ. ಮಿಸ್ ಹೇಳಿದ್ದಕ್ಕೆ ಪಿಟೀಲು ನಕ್ಷತ್ರದ ಸ್ಕೇಲನ್ನು ಒಂದು ದಿನ ಕ್ಲಾಸಿಗೆ ಒಯ್ದು ತೋರಿಸಿದಳು. ಕನ್ನಡಕದ ಹುಡುಗ ತನ್ನ ಎತ್ತರವನ್ನು ಅದರಲ್ಲಿ ಅಳೆಸಿಕೊಂಡು, ಮೊದಲಿಗಿಂತ ಗಿಡ್ಡ ಆದೆ ಅಂತ ಮುಖ ಸಪ್ಪಗೆ ಮಾಡಿಕೊಂಡ.

ಎರಡು ವಾರ ಕಳೆದು ಉಕ್ಕಿನ ಕೀಲು ಬಂತು. ತಣ್ಣಗಾಗಿ, ಉಜ್ಜಿಸಿಕೊಂಡು, ಬೂದು ಬಣ್ಣಕ್ಕೆ ಹೊಳೆಯುತ್ತಿತ್ತು. ಈಗ ಬಾಗಿಲು ಎಂಜಿನ್ನಿನ ಮುಖದ ಮೇಲೇ ಇತ್ತು, ಮರದ ಕೀಲು ಇನ್ನೂ ಅದಕ್ಕೆ ಅಂಟಿಕೊಂಡೇ ಇತ್ತು. ಮೇಸ್ತ್ರಿ ಅದನ್ನು ಬಿಚ್ಚಿ ಅಜ್ಜನ ಕೈಗೆ ಕೊಟ್ಟ. ಸ್ಕ್ಯಾನರ್ ಅಣ್ಣ ಯಂತ್ರ ಹಿಡಿದು ಬಂದ. ಅಜ್ಜ ಕೈ ಅಡ್ಡ ಹಿಡಿದು, ನೀನು ಆಮೇಲೆ ಮಾಡಪ್ಪ, ಮೊದಲು ಇವಳು ನೋಡಲಿ ಅಂದ.

ಪಿಟೀಲು ಬ್ಯಾಗಿಗೆ ಕೈಹಾಕಿದಳು. ಒಳಗೆ ಎರಡೂ ಸ್ಕೇಲುಗಳಿದ್ದವು. ಒಂದನ್ನು ಹಿಡಿದು ಹಿಂಬದಿಗೆ ಹೆಬ್ಬೆರಳು ಆಡಿಸಿದಳು. ನಕ್ಷತ್ರ ತಾಗಿತು. ಅದನ್ನು ಬಿಟ್ಟು ಇನ್ನೊಂದನ್ನು ಹೊರಗೆ ತೆಗೆದಳು. ಕುಗ್ಗುವುದೆಲ್ಲ ಕುಗ್ಗಿಯಾಗಿತ್ತು, ಇನ್ನು ಶಾಲೆಯ ಸ್ಕೇಲೇ ಸಾಕು.

ಸೊನ್ನೆಯನ್ನು ಕೀಲಿನ ಈ ತುದಿಗೆ ಹಿಡಿದು ಆ ತುದಿಯ ಅಂಕಿ ನೋಡಿದಳು. ಇನ್ನೊಂದು ಸಲ ನೋಡಿದಳು.

ಎಷ್ಟು ಅಂತ ಅಜ್ಜ ಕೇಳಲಿಲ್ಲ. ಅವನಿಗೆ ಅಂಕಿ ಮಂಜಾಗಿ ಕಾಣುತ್ತಿತ್ತು, ಆದರೆ ಮೊಮ್ಮಗಳ ಅರಳಿದ ಮುಖ ಕಾಣುತ್ತಿತ್ತು. ಮರದ ಕೀಲನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಸ್ತ್ರಿಗೆ ಹೇಳಿದ, "ಬೋಲ್ಟ್ ಹಾಕಿ."